ಹಲ್ಲಿನ ಅಂಟು ಎಷ್ಟು ಕಾಲ ಬಾಳೀತು?

ಹುಳುಕು ಹಲ್ಲಿಗೆ ಬಿಳಿ ಸಿಮೆಂಟ್ ತುಂಬಿಸಿಕೊಂಡವರಲ್ಲಿ ಕೆಲವರಿಗೆ ಅದು ಹದಿನೈದು ವರ್ಷ ಅಲುಗದೆ ನಿಲ್ಲುತ್ತದೆ. ಇನ್ನು ಕೆಲವರಿಗೆ ಎರಡನೆಯ ವರ್ಷಕ್ಕೇ ಅಂಚು ಕಂದಾಗುತ್ತದೆ, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಕೊನೆಗೊಂದು ದಿನ ಊಟದ ನಡುವೆ ತುಂಡು ಕಳಚಿ ನಾಲಿಗೆಗೆ ಸಿಗುತ್ತದೆ. ಇಬ್ಬರ ಹಲ್ಲಿಗೂ ತುಂಬಿದ ವಸ್ತು ಒಂದೇ ಇದ್ದೀತು. ವ್ಯತ್ಯಾಸ ಹುಟ್ಟುವುದು ಆ ವಸ್ತುವಿಗೂ ಹಲ್ಲಿಗೂ ನಡುವಿನ, ತಲೆಗೂದಲಿಗಿಂತ ತೆಳುವಾದ ಅಂಟಿನ ಪದರದಲ್ಲಿ. ಹಲ್ಲು ನೇರ ಮಾಡುವ ಕ್ಲಿಪ್ಪು, ಮುಂಭಾಗದ ಹಲ್ಲಿಗೆ ಕೂರಿಸುವ ಪಿಂಗಾಣಿ ವೆನೀರ್, ಮಕ್ಕಳ ದವಡೆ ಹಲ್ಲಿನ ಗೀರುಗಳಿಗೆ ಹಾಕುವ ಸೀಲೆಂಟ್ ಎಲ್ಲವೂ ಇದೇ ಪದರವನ್ನು ನೆಚ್ಚಿಕೊಂಡಿವೆ.

ಹಳೆಯ ಬೆಳ್ಳಿ ಫಿಲ್ಲಿಂಗಿಗೆ, ಅಂದರೆ ಪಾದರಸ ಬೆರೆತ ಅಮಾಲ್ಗಮ್‌ಗೆ, ಈ ಚಿಂತೆ ಇರಲಿಲ್ಲ. ಒಳಗೆ ಅಗಲ, ಬಾಯಿ ಕಿರಿದು ಆಗುವಂತೆ ಹಲ್ಲನ್ನು ಕೊರೆದರೆ ಗುಳಿಯ ಆಕಾರವೇ ಅದನ್ನು ಹಿಡಿದಿಡುತ್ತಿತ್ತು. ಅದಕ್ಕಾಗಿ ಆರೋಗ್ಯವಂತ ಹಲ್ಲೂ ಒಂದಿಷ್ಟು ಬಲಿಯಾಗುತ್ತಿತ್ತು ಎಂಬುದು ಬೇರೆ ಮಾತು. 2013ರಲ್ಲಿ ದೇಶಗಳು ಒಪ್ಪಿಕೊಂಡ ಮಿನಮಾಟಾ ಒಪ್ಪಂದ ಪಾದರಸದ ಬಳಕೆಯನ್ನು ಹಂತಹಂತವಾಗಿ ಇಳಿಸುತ್ತಾ ಬಂದಿದೆ; ಅಮಾಲ್ಗಮ್ ಹಿಂದೆ ಸರಿಯುತ್ತಿದೆ. ಹಾಗಾಗಿ ಅಂಟಿನ ಬಾಳಿಕೆ ಈಗ ಅಂದಚಂದದವರ ಪ್ರಶ್ನೆಯಾಗಿ ಉಳಿದಿಲ್ಲ, ಸಾಮಾನ್ಯ ರೋಗಿಯ ಜೇಬಿನ ಪ್ರಶ್ನೆಯಾಗಿದೆ. ಪ್ರತಿ ಸಲ ಫಿಲ್ಲಿಂಗ್ ಬಿದ್ದಾಗಲೂ ಗುಳಿ ಒಂದಿಷ್ಟು ದೊಡ್ಡದಾಗುತ್ತದೆ, ಹಲ್ಲು ಒಂದಿಷ್ಟು ಕಡಿಮೆಯಾಗುತ್ತದೆ.

ಅಂಟು ಹಿಡಿಯಬೇಕಾದ ಹಲ್ಲಿನ ಹೊರಕವಚ, ಅಂದರೆ ಎನಾಮಲ್, ನಮ್ಮ ದೇಹದ ಅತಿ ಗಟ್ಟಿ ವಸ್ತು. ತೂಕದ ಲೆಕ್ಕದಲ್ಲಿ ಅದರಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಮುಖ್ಯವಾಗಿ ಹೈಡ್ರಾಕ್ಸಿ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್. ಉಳಿದದ್ದು ನೀರು ಮತ್ತು ಅತ್ಯಲ್ಪ ಪ್ರೋಟೀನು. ಸುಮಾರು 5 ಮೈಕ್ರಾನ್ ಅಡ್ಡಳತೆಯ ಕಂಬಗಳು ಒಳಗಿನ ಡೆಂಟಿನ್‌ನಿಂದ ಹೊರಮೈವರೆಗೆ ಒತ್ತೊತ್ತಾಗಿ ನಿಂತಿರುತ್ತವೆ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುವುದರಿಂದ ಕಳೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಣಗಿದ, ನುಣುಪಾದ, ರಂಧ್ರವಿಲ್ಲದ ಈ ಮೈಗೆ ಸಾಮಾನ್ಯ ಅಂಟು ತಾನಾಗಿ ಹಿಡಿಯುವುದಿಲ್ಲ.

ಹಿಡಿಸುವ ದಾರಿಯನ್ನು 1955ರಲ್ಲಿ ತೋರಿಸಿದವರು ಅಮೆರಿಕದ ರಾಚೆಸ್ಟರ್‌ನ ಮೈಕೆಲ್ ಬುವೊನೊಕೋರ್. ಲೋಹಕ್ಕೆ ಬಣ್ಣ ಬಳಿಯುವ ಮುನ್ನ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವುದನ್ನು ಅವರು ಗಮನಿಸಿದ್ದರು. ಅದನ್ನೇ ಹಲ್ಲಿಗೆ ತಂದರು. 85 ಪ್ರತಿಶತ ಆಮ್ಲವನ್ನು 30 ಸೆಕೆಂಡು ಹಚ್ಚಿ, ತೊಳೆದು, ಒಣಗಿಸಿ, ಮೇಲೆ ಅಕ್ರಿಲಿಕ್ ಹನಿ ಇಟ್ಟರು. ಬರಿಯ ಎನಾಮಲ್ ಮೇಲೆ ಕೆಲವು ಗಂಟೆಗಳಲ್ಲಿ ಬಿದ್ದುಹೋಗುತ್ತಿದ್ದ ಹನಿ ಆಮ್ಲ ಹಚ್ಚಿದ ಮೈಮೇಲೆ ವಾರಗಟ್ಟಲೆ ನಿಂತಿತು. ಸುಮಾರು ನೂರು ಪಟ್ಟು ಹೆಚ್ಚು. ನುಣುಪು ಗೋಡೆಗೆ ಗಾರೆ ಹಿಡಿಯಲೆಂದು ಮೇಸ್ತ್ರಿ ಮೊದಲು ಕಚ್ಚು ಹಾಕುತ್ತಾನಲ್ಲ, ಆಮ್ಲ ಇಲ್ಲಿ ಮಾಡುವ ಕೆಲಸ ಅದೇ. ಕಂಬಗಳ ನಡುವೆಯೂ ಕಂಬಗಳ ಒಳಗೂ ಅಸಂಖ್ಯ ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ. ತೆಳುವಾದ ರಾಳ ಅವುಗಳೊಳಗೆ ಇಳಿದು, ಅಲ್ಲೇ ಗಟ್ಟಿಯಾಗಿ, ಬೇರಿನಂಥ ಎಳೆಗಳಾಗುತ್ತದೆ. 1960ರ ದಶಕದ ಕೊನೆಯಲ್ಲಿ ಗ್ವಿನೆಟ್, ಮಾತ್ಸುಯಿ ಮತ್ತು ಬುವೊನೊಕೋರ್ ಈ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ವಿದ್ಯಮಾನ ಅರ್ಥವಾಯಿತು. ಅಷ್ಟರಲ್ಲಿ ರಫಾಯೆಲ್ ಬೋವೆನ್ ಬಿಸ್-ಜಿಎಂಎ ಎಂಬ ರಾಳವನ್ನು ರೂಪಿಸಿದ್ದರು. ಇಂದು ಬಿಳಿ ಫಿಲ್ಲಿಂಗಿಗೆ ತುಂಬುವ ಕಾಂಪೋಸಿಟ್‌ಗಳಲ್ಲಿ ಹೆಚ್ಚಿನವು ಅದರ ವಂಶದವೇ.

ಆಮ್ಲ ಹೆಚ್ಚು ಗಾಢವಾದಷ್ಟೂ ಒಳ್ಳೆಯದು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನಿಜ ಹಾಗಿಲ್ಲ. 1973ರಲ್ಲಿ ಚೌ ಮತ್ತು ಬ್ರೌನ್ ತೋರಿಸಿದ ಪ್ರಕಾರ, ಗಾಢತೆ 27 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಎನಾಮಲ್ ಮೇಲೆ ಸುಲಭಕ್ಕೆ ಕರಗದ ಒಂದು ಕ್ಯಾಲ್ಸಿಯಂ ಲವಣ ಕೂತು ರಂಧ್ರಗಳನ್ನು ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ನೀರಿಗೆ ತೊಳೆದುಹೋಗುವ ಲವಣ ಆಗುತ್ತದೆ. ತೀರಾ ಗಾಢವಾದರೆ ಕರಗಿಸುವ ಶಕ್ತಿಯೇ ಕುಂದುತ್ತದೆ. ಸಿಲ್ವರ್‌ಸ್ಟೋನ್ 30ರಿಂದ 40 ಪ್ರತಿಶತದ ನಡುವೆ ಮೈ ಅತ್ಯಂತ ಸಮನಾಗಿ ಕೊರೆಯಲ್ಪಡುತ್ತದೆಂದು ಕಂಡರು. ಇಂದು ಪ್ರತಿ ಕ್ಲಿನಿಕ್‌ನಲ್ಲೂ ಕಾಣುವ ನೀಲಿ ಜೆಲ್ಲಿನ 37 ಪ್ರತಿಶತ ಬಂದದ್ದು ಈ ದಾರಿಯಲ್ಲಿ. ಮೊದಮೊದಲು ಒಂದು ನಿಮಿಷ ಇಡುತ್ತಿದ್ದುದು 15ರಿಂದ 30 ಸೆಕೆಂಡಿಗೆ ಇಳಿದಿದೆ. ಸಹಜ ಎನಾಮಲ್‌ಗೆ ಅಷ್ಟು ಸಾಕು. ಸಹಜ ಎಂಬ ಷರತ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ರಾಜ್ಯದ ಹಲವು ತಾಲ್ಲೂಕುಗಳ ಹಲ್ಲಿಗೆ ಅದು ಒಪ್ಪುವುದಿಲ್ಲ.

ಹೀಗೆ ಕೂಡಿಕೊಂಡ ಅಂಟು ಎಷ್ಟು ಬಾಳುತ್ತದೆ? ಸಿಮನ್‌ಸೆನ್ ಅವರ ಅಧ್ಯಯನ ಇಲ್ಲಿ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಮಕ್ಕಳ ಖಾಯಂ ದವಡೆ ಹಲ್ಲುಗಳಿಗೆ ಒಂದೇ ಒಂದು ಸಲ ಸೀಲೆಂಟ್ ಹಾಕಿ, 15 ವರ್ಷದ ನಂತರ ನೋಡಿದಾಗ ಸುಮಾರು 28 ಪ್ರತಿಶತ ಹಲ್ಲುಗಳಲ್ಲಿ ಅದು ಪೂರ್ತಿಯಾಗಿ, 35 ಪ್ರತಿಶತದಲ್ಲಿ ಭಾಗಶಃ ಉಳಿದಿತ್ತು. ಆ ಗುಂಪಿನಲ್ಲಿ ಹುಳುಕಾದ ಅಥವಾ ತುಂಬಿಸಬೇಕಾದ ಹಲ್ಲುಗಳು 31 ಪ್ರತಿಶತ; ಸೀಲೆಂಟ್ ಇಲ್ಲದ ಸಮಾನ ಗುಂಪಿನಲ್ಲಿ 83 ಪ್ರತಿಶತ. 1970ರ ದಶಕದ ವಸ್ತು, ಅದನ್ನು ಮತ್ತೆ ಮುಟ್ಟಿಯೂ ಇಲ್ಲ. ಆದರೂ ಈ ಫಲ. ವೆನೀರ್‌ಗಳ ವಿಷಯದಲ್ಲೂ ಕಥೆ ಬೇರೆಯಲ್ಲ. ಗುರೆಲ್ ಮತ್ತು ಸಂಗಡಿಗರು 12 ವರ್ಷಗಳ ತಮ್ಮ ದಾಖಲೆಗಳನ್ನು ಪರಿಶೀಲಿಸಿದಾಗ, ಡೆಂಟಿನ್ ಮೇಲೆ ಅಂಟಿಸಿದವುಗಳಿಗೆ ಎನಾಮಲ್ ಮೇಲೆ ಅಂಟಿಸಿದವುಗಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಸೋಲುವ ಸಂಭವ ಕಂಡುಬಂತು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ನಾಲ್ಕು ವರ್ಷ ನೀರಿನಲ್ಲಿಟ್ಟಾಗ ಡೆಂಟಿನ್ ಜೊತೆಗಿನ ಅಂಟು ಸವೆಯುತ್ತದೆ. ಆದರೆ ಸುತ್ತಲೂ ಎನಾಮಲ್‌ನ ಅಂಚು ಅಂಟಿಕೊಂಡಿದ್ದರೆ ಒಳಗಿನ ಡೆಂಟಿನ್ ಅಂಟೂ ಉಳಿದುಕೊಳ್ಳುತ್ತದೆ. ಎನಾಮಲ್ ಅಂಚು ನೀರನ್ನು ಹೊರಗೆ ತಡೆದು ನಿಲ್ಲಿಸುತ್ತದೆ. ಹಲ್ಲು ಕೊರೆಯುವಾಗ ಅರ್ಧ ಮಿಲಿಮೀಟರ್ ಎನಾಮಲ್ ಉಳಿಸಿಕೊಳ್ಳುವುದಕ್ಕೆ ಸಮನಾದ ಇನ್ನೊಂದು ಉಪಾಯವನ್ನು ಯಾವ ಕಂಪನಿಯೂ ಸೀಸೆಯಲ್ಲಿ ತುಂಬಿ ಕೊಟ್ಟಿಲ್ಲ.

ತೊಡಕು ಬಂದದ್ದು ಒಂದೇ ಗುಳಿಯಲ್ಲಿ ಎನಾಮಲ್ ಮತ್ತು ಡೆಂಟಿನ್ ಎರಡೂ ಇರುವುದರಿಂದ. ಡೆಂಟಿನ್ ಒದ್ದೆ, ಜೀವಂತ, ಕೊಲಾಜೆನ್ ತುಂಬಿದ ಅಂಗಾಂಶ. ಎನಾಮಲ್‌ಗೆ ಒಳ್ಳೆಯದಾದ ಗಾಢ ಆಮ್ಲ ಡೆಂಟಿನ್‌ನಲ್ಲಿ ಕೊಲಾಜೆನ್ ಎಳೆಗಳನ್ನು ಬತ್ತಲಾಗಿಸುತ್ತದೆ. ರಾಳ ಅವುಗಳ ಬುಡದವರೆಗೂ ಇಳಿಯದಿದ್ದರೆ ಹಲ್ಲಿನೊಳಗಿನ ಕಿಣ್ವಗಳೇ ಅವನ್ನು ನಿಧಾನವಾಗಿ ತಿನ್ನುತ್ತವೆ. ಇದಕ್ಕೆ ಜಪಾನಿನಲ್ಲಿ ಹುಡುಕಿದ ಪರಿಹಾರವೇ ಸೆಲ್ಫ್-ಎಚ್ ಅಂಟುಗಳು. ಅವುಗಳಲ್ಲಿ ಆಮ್ಲಗುಣದ ರಾಳವೇ ಮೈಯನ್ನು ಕೊರೆದು ಅಲ್ಲೇ ಉಳಿಯುತ್ತದೆ, ತೊಳೆಯುವ ಕೆಲಸವಿಲ್ಲ. ಕುರಾರೆ ಕಂಪನಿ 1980ರ ದಶಕದ ಆರಂಭದಲ್ಲಿ ತಯಾರಿಸಿದ ಎಂಡಿಪಿ ಎಂಬ ಅಣು ಈ ಸಾಲಿನಲ್ಲಿ ಮೇಲು. ಅದು ಅಪಟೈಟ್‌ನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಕೂಡಿ, ನೀರಿಗೆ ಸುಲಭವಾಗಿ ಕರಗದ ಲವಣವನ್ನು ಪದರಪದರವಾಗಿ ಕಟ್ಟುತ್ತದೆ. ಡೆಂಟಿನ್‌ಗೆ ಇದು ವರವಾಯಿತು. ಎನಾಮಲ್‌ಗೆ ಹಾಗಾಗಲಿಲ್ಲ. ಇಂಥ ಸೌಮ್ಯ ಅಂಟುಗಳ ಪಿಎಚ್ ಸುಮಾರು 2. ಫಾಸ್ಫಾರಿಕ್ ಜೆಲ್‌ನದು 1ಕ್ಕಿಂತ ಕೆಳಗೆ. ಸೌಮ್ಯ ಆಮ್ಲ ಎನಾಮಲ್ ಮೇಲೆ ಆಳವಿಲ್ಲದ ಗೀರು ಮಾತ್ರ ಬಿಡುತ್ತದೆ. ಅದರಲ್ಲೂ ಕೊರೆಯುವ ಬರ್ ತಾಗದ, ಹೊರಮೈಯ ಎನಾಮಲ್ ಇನ್ನೂ ಗಟ್ಟಿ.

ಆದರೆ ಮಾರುಕಟ್ಟೆ ಹಂತಗಳನ್ನು ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿತ್ತು. ಮೂರು ಸೀಸೆ ಎರಡಾಯಿತು, ಎರಡು ಒಂದಾಯಿತು. 2005ರಲ್ಲಿ ಲ್ಯೂವೆನ್ ತಂಡ ಒಸಡಿನ ಬಳಿಯ ಹಲ್ಲಿನ ಸವೆತಗಳಿಗೆ ಹಾಕಿದ ಫಿಲ್ಲಿಂಗ್‌ಗಳ ಚಿಕಿತ್ಸಾ ಅಧ್ಯಯನಗಳನ್ನು ಒಟ್ಟುಗೂಡಿಸಿ ವರ್ಷಕ್ಕೆ ಎಷ್ಟು ಸೋಲುತ್ತವೆ ಎಂದು ಲೆಕ್ಕ ಹಾಕಿತು. ಮೂರು ಹಂತದ ಎಚ್-ಅಂಡ್-ರಿನ್ಸ್ (ಆಮ್ಲ ಹಚ್ಚಿ ತೊಳೆಯುವ ಬಗೆ) 4.8 ಪ್ರತಿಶತ, ಎರಡು ಹಂತದ ಸೆಲ್ಫ್-ಎಚ್ 4.7, ಎರಡು ಹಂತದ ಎಚ್-ಅಂಡ್-ರಿನ್ಸ್ 6.2, ಒಂದೇ ಹಂತದ ಸೆಲ್ಫ್-ಎಚ್ 8.1. ಹಲವರು ಹಗುರವಾಗಿ ಕಾಣುವ ಗ್ಲಾಸ್ ಅಯನೋಮರ್ ಸಿಮೆಂಟಿನದು 1.9! ಎಳೆದು ಕಿತ್ತು ನೋಡುವ ಪರೀಕ್ಷೆಯಲ್ಲಿ ಅದರ ಅಂಕ ಕಡಿಮೆ. ಆದರೆ ಅದು ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಕೂಡುತ್ತದೆ, ಕುಗ್ಗುವ ಎಳೆತದಿಂದ ತನ್ನನ್ನು ತಾನೇ ಹರಿದುಕೊಳ್ಳುವುದಿಲ್ಲ. ಈ ಸವೆತಗಳಲ್ಲಿ ಡೆಂಟಿನ್ನೇ ಹೆಚ್ಚು, ಆದ್ದರಿಂದ ಸಂಖ್ಯೆಗಳನ್ನು ನೇರವಾಗಿ ಎನಾಮಲ್‌ಗೆ ಅನ್ವಯಿಸಲಾಗದು. ಮೊದಲ ದಿನದ ಬಲಕ್ಕೂ ಹತ್ತನೆಯ ವರ್ಷದ ಬಾಳಿಕೆಗೂ ನಂಟು ಎಷ್ಟು ಸಡಿಲ ಎಂಬುದನ್ನು ಮಾತ್ರ ಅವು ಸ್ಪಷ್ಟವಾಗಿ ಹೇಳುತ್ತವೆ. ಇಂದಿಗೂ ಜಾಹೀರಾತುಗಳಲ್ಲಿ ಮೆಗಾಪ್ಯಾಸ್ಕಲ್ ಸಂಖ್ಯೆಯೇ ಮೆರೆಯುತ್ತದೆ. ಇಪ್ಪತ್ತನಾಲ್ಕು ಗಂಟೆಯ ಪರೀಕ್ಷೆಯ ಆ ಸಂಖ್ಯೆ ನೋಡಿ ವಸ್ತು ಕೊಳ್ಳಬಾರದು. 5 ಡಿಗ್ರಿ ಮತ್ತು 55 ಡಿಗ್ರಿ ನೀರಿನಲ್ಲಿ ಹತ್ತು ಸಾವಿರ ಬಾರಿ ಅದ್ದಿ ತೆಗೆದ ಮೇಲೆ, ತಿಂಗಳುಗಟ್ಟಲೆ ನೀರಿನಲ್ಲಿಟ್ಟ ಮೇಲೆ ಎಷ್ಟು ಉಳಿಯಿತು ಎಂದು ಕೇಳಬೇಕು.

2011ರ ನಂತರ ಬಂದ ಯುನಿವರ್ಸಲ್ ಅಂಟುಗಳು ಆಮ್ಲ ಹಚ್ಚಿ ತೊಳೆಯಬೇಕೇ ಬೇಡವೇ ಎಂಬ ಜಗಳಕ್ಕೆ ಒಂದು ರಾಜಿ ತಂದವು. ಹೆಚ್ಚಿನವುಗಳಲ್ಲಿ ಎಂಡಿಪಿ ಇದೆ; ಆಮ್ಲ ಹಚ್ಚಿಯೂ ಬಳಸಬಹುದು, ಹಚ್ಚದೆಯೂ ಬಳಸಬಹುದು. ಅನುಭವ ಮತ್ತು ಅಧ್ಯಯನ ಎರಡೂ ಕೂಡಿ ಇಂದು ಬಹುಪಾಲು ಒಪ್ಪಿರುವ ಕ್ರಮ ಇದು: ನೀಲಿ ಜೆಲ್ಲನ್ನು ಎನಾಮಲ್ ಅಂಚಿಗೆ ಮಾತ್ರ ಹಚ್ಚಿ ತೊಳೆಯುವುದು, ನಂತರ ಎಂಡಿಪಿ ಇರುವ ಸೌಮ್ಯ ಅಂಟನ್ನು ಎನಾಮಲ್, ಡೆಂಟಿನ್ ಎರಡಕ್ಕೂ ಸವರುವುದು. ಪ್ಯೂಮನ್ಸ್ ಮತ್ತು ಸಂಗಡಿಗರು ಎರಡು ಹಂತದ ಸೆಲ್ಫ್-ಎಚ್ ಅಂಟೊಂದನ್ನು 13 ವರ್ಷ ಹಿಂಬಾಲಿಸಿದ್ದಾರೆ. ಎನಾಮಲ್‌ಗೆ ಮೊದಲೇ ಆಮ್ಲ ಹಚ್ಚಿದ ಗುಂಪಿನಲ್ಲೂ ಹಚ್ಚದ ಗುಂಪಿನಲ್ಲೂ ಫಿಲ್ಲಿಂಗ್ ಬಿದ್ದುಹೋದದ್ದು ಕಡಿಮೆಯೇ. ಆದರೆ ಎನಾಮಲ್ ಅಂಚಿನ ಸಣ್ಣ ದೋಷಗಳು ಆಮ್ಲ ಹಚ್ಚದವರಲ್ಲಿ ಹೆಚ್ಚು. ಅಂಚಿನ ದೋಷ ಸಣ್ಣದಲ್ಲವೇ ಎಂದು ಬಿಡುವವರಿದ್ದಾರೆ. ನಾನು ಬಿಡಲಾರೆ. ಬಣ್ಣ ಹಿಡಿದ ಅಂಚು ಕಂಡ ಕೂಡಲೇ ಹುಳುಕೆಂದು ಭಾವಿಸಿ ಇಡೀ ಫಿಲ್ಲಿಂಗ್ ಬದಲಿಸುವುದು ಕ್ಲಿನಿಕ್‌ಗಳಲ್ಲಿ ನಡೆಯುತ್ತಲೇ ಇದೆ. ಹದಿನೈದು ಸೆಕೆಂಡು ಜೆಲ್ ಹಚ್ಚುವ ತಾಳ್ಮೆ ಆ ಅನಾವಶ್ಯಕ ಕೊರೆತವನ್ನು ತಪ್ಪಿಸೀತು.

ಅಂಟನ್ನು ಒಳಗಿನಿಂದ ಎಳೆಯುವ ಬಲವೂ ಇದೆ. ಬೆಳಕಿಗೆ ಗಟ್ಟಿಯಾಗುವಾಗ ಕಾಂಪೋಸಿಟ್ ಗಾತ್ರದಲ್ಲಿ ಸುಮಾರು 2ರಿಂದ 3 ಪ್ರತಿಶತ ಕುಗ್ಗುತ್ತದೆ. ಅಂಟು ಗಟ್ಟಿಯಿದ್ದು ಎನಾಮಲ್ ಕಂಬಗಳು ಅಡ್ಡಡ್ಡ ಎಳೆಯಲ್ಪಟ್ಟರೆ ಎನಾಮಲ್ಲೇ ಸೀಳಿ, ಫಿಲ್ಲಿಂಗ್ ಸುತ್ತ ತೆಳುವಾದ ಬಿಳಿ ಗೆರೆ ಮೂಡುತ್ತದೆ. ಅಂಚನ್ನು ಓರೆಯಾಗಿ ತರಿದರೆ ಕಂಬಗಳ ಬದಿಗಿಂತ ತಲೆಗಳು ಆಮ್ಲಕ್ಕೆ ತೆರೆದುಕೊಳ್ಳುತ್ತವೆ, ಹಿಡಿತ ಹೆಚ್ಚುತ್ತದೆ; ಮುಂಭಾಗದ ಹಲ್ಲುಗಳಲ್ಲಿ ಇದು ಬಹಳ ಉಪಯುಕ್ತ. ಎಳೆತದ ದಿಕ್ಕು ಎಷ್ಟು ಮುಖ್ಯ ಎಂಬುದಕ್ಕೆ ಜರ್ಮನಿಯ ಕೀಲ್‌ನ ಮಥಿಯಾಸ್ ಕೆರ್ನ್ ಅವರ ಕೆಲಸ ಸೊಗಸಾದ ಸಾಕ್ಷಿ. ಉದುರಿದ ಮುಂಭಾಗದ ಹಲ್ಲಿನ ಜಾಗಕ್ಕೆ ಪಿಂಗಾಣಿ ಹಲ್ಲೊಂದನ್ನು ಅಕ್ಕಪಕ್ಕದ ಎರಡೂ ಹಲ್ಲುಗಳ ಹಿಂಬದಿಗೆ ರೆಕ್ಕೆಗಳಿಂದ ಅಂಟಿಸುವುದು ವಾಡಿಕೆಯಾಗಿತ್ತು. ಹತ್ತು ವರ್ಷದಲ್ಲಿ ಅಂಥವು ಸುಮಾರು 74 ಪ್ರತಿಶತ ಉಳಿದರೆ, ಒಂದೇ ರೆಕ್ಕೆಯವು ಸುಮಾರು 94 ಪ್ರತಿಶತ ಉಳಿದವು. ಅಗಿಯುವಾಗ ಎರಡು ಹಲ್ಲುಗಳು ಕಣ್ಣಿಗೆ ಕಾಣದಷ್ಟು, ಬೇರೆಬೇರೆ ದಿಕ್ಕಿಗೆ ಅಲುಗುತ್ತವೆ. ಎರಡನ್ನೂ ಹಿಡಿದುಕೊಂಡ ಸೇತುವೆ ಆ ಎಳೆತಕ್ಕೆ ಮುರಿಯುತ್ತದೆ ಅಥವಾ ಅಂಟು ಬಿಡುತ್ತದೆ. ಅಂಟು ಬದಲಾಗದೆ ವಿನ್ಯಾಸ ಬದಲಾದದ್ದಕ್ಕೇ ಇಷ್ಟು ವ್ಯತ್ಯಾಸ.

ಜೊಲ್ಲು ಈ ಅಂಟಿನ ದೊಡ್ಡ ಶತ್ರು. ಆಮ್ಲ ಹಚ್ಚಿ ತೊಳೆದ ಎನಾಮಲ್‌ಗೆ ಒಂದು ಸೆಕೆಂಡು ಜೊಲ್ಲು ತಾಗಿದರೂ ಅದರ ಪ್ರೋಟೀನುಗಳು ರಂಧ್ರಗಳಿಗೆ ಮೆತ್ತಿಕೊಳ್ಳುತ್ತವೆ. ಬರಿಯ ನೀರಿಗೆ ಅದು ಬಿಡುವುದಿಲ್ಲ, ಮತ್ತೆ ಕೆಲವು ಸೆಕೆಂಡು ಆಮ್ಲ ಹಚ್ಚಬೇಕು. ನ್ಯೂಯಾರ್ಕಿನ ಬಾರ್ನಮ್ 1864ರಲ್ಲಿ ಬಳಕೆಗೆ ತಂದ ರಬ್ಬರ್ ಡ್ಯಾಮ್, ಅಂದರೆ ಹಲ್ಲನ್ನಷ್ಟೇ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮುಚ್ಚುವ ರಬ್ಬರ್ ಹಾಳೆ, ಇಂದಿಗೂ ಇದಕ್ಕೆ ಅತ್ಯುತ್ತಮ ತಡೆ. ಅದರ ಪರವಾದ ಚಿಕಿತ್ಸಾ ಪುರಾವೆ ನಿರೀಕ್ಷಿಸಿದಷ್ಟು ಬಲವಾಗಿಲ್ಲ. ಇರುವಷ್ಟು ಮಾತ್ರ ಅದರ ಪರವಾಗಿಯೇ ಇದೆ. ಹಾಳೆ ತೊಡಿಸಲು ಹಿಡಿಯುವ ಕೆಲವು ನಿಮಿಷಗಳನ್ನು ರೋಗಿಗಳ ಸಾಲು ನೋಡಿ ಉಳಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಅಂಟು ಸವರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಬಳಿದು ಬಿಡುವುದಕ್ಕಿಂತ ಸಣ್ಣ ಬ್ರಶ್‌ನಿಂದ ಉಜ್ಜುತ್ತಾ ಹಚ್ಚಿದರೆ ಸೌಮ್ಯ ಅಂಟುಗಳು ಎನಾಮಲ್‌ಗೆ ಹೆಚ್ಚು ಇಳಿಯುತ್ತವೆ. ಗಾಳಿ ಹಾಯಿಸಿ ದ್ರಾವಕವನ್ನು ಪೂರ್ತಿ ಹಾರಿಸದಿದ್ದರೆ, ಬೆಳಕಿನ ಬಲ್ಬು ಹಳತಾಗಿದ್ದರೆ ಅಥವಾ ಅದರ ತುದಿ ದೂರವಿದ್ದರೆ, ರಾಳ ಅರೆಬೆಂದಂತೆ ಉಳಿದು ನೀರು ಹೀರುತ್ತದೆ. ನೀರು ಹೀರಿದ ರಾಳದ ಎಸ್ಟರ್ ಕೊಂಡಿಗಳು ನಿಧಾನವಾಗಿ ಕಳಚುತ್ತವೆ. ಜೊಲ್ಲಿನ ಕಿಣ್ವಗಳೂ, ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾದ ಕಿಣ್ವಗಳೂ ಈ ಕೆಲಸಕ್ಕೆ ಕೈ ಹಾಕುತ್ತವೆ. ಎನಾಮಲ್ ಕೊಳೆಯದಿದ್ದರೂ ಅದರೊಳಗೆ ಇಳಿದ ಎಳೆ ಮುಪ್ಪಾಗುವುದು ಹೀಗೆ. ಅದಕ್ಕೇ ನೀರೊಲ್ಲದ ರಾಳದ ಇನ್ನೊಂದು ಪದರ ಮೇಲೆ ಸವರುವ ಸಲಹೆಗೆ ಅರ್ಥವಿದೆ.

ಲೇಸರ್‌ನಿಂದ ಎನಾಮಲ್ ಕೊರೆಯುವ ಪ್ರಯತ್ನಗಳು ನಡೆದಿವೆ. ಆಮ್ಲದ ಜಾಗವನ್ನು ಅವು ತುಂಬಿಲ್ಲ. ಹಲ್ಲು ಬಿಳಿ ಮಾಡಿಸಿಕೊಂಡ ಕೂಡಲೇ ಅಂಟಿಸುವುದು ಬೇಡ: ಉಳಿದ ಆಮ್ಲಜನಕ ರಾಳವನ್ನು ಗಟ್ಟಿಯಾಗಗೊಡುವುದಿಲ್ಲ, ಒಂದೆರಡು ವಾರ ಕಾಯಬೇಕು. ಕ್ಲಿಪ್ಪಿನ ಅಂಟು ಎರಡು ವರ್ಷ ನಿಂತು, ಆಮೇಲೆ ಎನಾಮಲ್‌ಗೆ ಗಾಯ ಮಾಡದೆ ಬಿಟ್ಟುಬರಬೇಕಾದದ್ದು. ಅಲ್ಲಿ ಅತಿ ಬಲವೇ ದೋಷ.

ಇನ್ನು ಸಹಜವಲ್ಲದ ಎನಾಮಲ್. ಅದರಲ್ಲಿ ಒಂದು ಬಗೆ, ಮಕ್ಕಳ ಮೊದಲ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳಲ್ಲಿ ಕಾಣುವ ಖನಿಜದ ಕೊರತೆ. 2001ರಿಂದ ಅದಕ್ಕೆ ಎಂಐಎಚ್ ಎಂಬ ಹೆಸರಿದೆ. ಅಲ್ಲಿ ಪ್ರೋಟೀನು ಹೆಚ್ಚಾಗಿ ಉಳಿದಿರುವುದರಿಂದ ಆಮ್ಲ ಸರಿಯಾಗಿ ಕೊರೆಯುವುದಿಲ್ಲ. ಸೋಡಿಯಂ ಹೈಪೋಕ್ಲೋರೈಟ್‌ನಿಂದ ಪ್ರೋಟೀನು ತೆಗೆಯುವ ಯತ್ನಗಳ ಫಲ ಒಂದೇ ತೆರನಾಗಿಲ್ಲ.

ಇನ್ನೊಂದು ಬಗೆ ನಮ್ಮ ಮನೆಯದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಊರುಗಳಲ್ಲಿ, ರಾಯಚೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಕಾಣುವುದು ಎಲ್ಲರಿಗೂ ಗೊತ್ತು. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವಿಲ್ಲದಿದ್ದರೆ ಮಾತ್ರ 1.5ರವರೆಗೆ. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ, ರೂಪುಗೊಳ್ಳುತ್ತಿರುವ ಎನಾಮಲ್‌ನ ಪ್ರೋಟೀನು ಸಕಾಲಕ್ಕೆ ಹೊರಹೋಗುವುದಿಲ್ಲ. ಮೈಯೊಳಗೆ ರಂಧ್ರಮಯ, ದುರ್ಬಲ ಪದರ ಉಳಿಯುತ್ತದೆ. ಅದರ ಮೇಲೆ ಮಾತ್ರ ಫ್ಲೋರೈಡ್ ತುಂಬಿದ, ಆಮ್ಲಕ್ಕೆ ಬಗ್ಗದ ಬಿಗಿ ಪದರ ಕೂರುತ್ತದೆ. ಅಂಟು ಹಾಕುವವರಿಗೆ ಇದು ಇಬ್ಬಗೆಯ ತೊಂದರೆ: 15 ಸೆಕೆಂಡಿನ ಆಮ್ಲ ಮೇಲಿನ ಪದರವನ್ನು ಮುಟ್ಟಿದಂತೆ ಮಾಡಿ ನಿಲ್ಲುತ್ತದೆ, ಹೆಚ್ಚು ಹೊತ್ತು ಇಟ್ಟರೆ ಕೆಳಗಿನ ದುರ್ಬಲ ಪದರ ತಲುಪಿ, ಅಂಟು ಚೆನ್ನಾಗಿ ಹಿಡಿದರೂ ಎನಾಮಲ್ಲೇ ಕಿತ್ತುಬರುತ್ತದೆ.

ಕೀನ್ಯಾ, ಶ್ರೀಲಂಕಾ, ಟರ್ಕಿ, ಸೌದಿ ಅರೇಬಿಯಾ ಮತ್ತು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಇಂಥ ಹಲ್ಲುಗಳ ಮೇಲೆ ಅಂಟಿನ ಬಲ ಅಳೆದಿದ್ದಾರೆ. ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ: ಕೆಲವರಿಗೆ ಸಹಜ ಹಲ್ಲಿಗೂ ಇದಕ್ಕೂ ಭೇದ ಕಾಣಲಿಲ್ಲ, ಕೆಲವರಿಗೆ ಬಲ ಗಣನೀಯವಾಗಿ ಕಡಿಮೆ ಬಂತು. ಕಾರಣ ಬಹುಮಟ್ಟಿಗೆ ತೀವ್ರತೆಯಲ್ಲಿದೆ. ಡೆನ್ಮಾರ್ಕ್‌ನ ತೈಲ್‌ಸ್ಟ್ರಪ್ ಮತ್ತು ಫೆಯರ್‌ಸ್ಕೋವ್ 1978ರಲ್ಲಿ ಫ್ಲೋರೈಡ್ ತರುವ ಈ ಹಲ್ಲಿನ ತೊಂದರೆಗೆ, ಅಂದರೆ ಫ್ಲೋರೋಸಿಸ್‌ಗೆ 0ಯಿಂದ 9ರವರೆಗೆ ದರ್ಜೆ ಕೊಟ್ಟರು; 2ನೆಯ ದರ್ಜೆಯ ಹಲ್ಲನ್ನೂ 6ನೆಯದನ್ನೂ ಒಂದೇ ಬುಟ್ಟಿಗೆ ಹಾಕಿದರೆ ಸರಾಸರಿಗೆ ಅರ್ಥವಿರುವುದಿಲ್ಲ. ಸೌಮ್ಯ ಸೆಲ್ಫ್-ಎಚ್ ಅಂಟನ್ನು ಇಂಥ ಎನಾಮಲ್ ಮೇಲೆ ಒಂಟಿಯಾಗಿ ಬಳಸಬಾರದು ಎಂಬಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳಬಹುದು. ಹಗುರ ದರ್ಜೆಯಲ್ಲಿ 37 ಪ್ರತಿಶತ ಆಮ್ಲವನ್ನು ಎರಡು ಪಟ್ಟು ಹೊತ್ತು ಇಟ್ಟು, ಒಣಗಿಸಿ, ಮಂಜಿನ ಬಿಳುಪು ಸಮನಾಗಿ ಬಂದಿದೆಯೇ ಎಂದು ನೋಡಿ ಮುಂದುವರಿಯಬಹುದು. ಮಧ್ಯಮ ದರ್ಜೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪ್ಯೂಮಿಸ್ ಪುಡಿಯಿಂದ ಮೇಲ್ಪದರ ಉಜ್ಜಿ ತೆಗೆದು ನಂತರ ಅಂಟಿಸುವುದು ಮೇಲು. ಜರ್ಮನಿಯಲ್ಲಿ ರೂಪುಗೊಂಡ ರಾಳ ಇಳಿಸುವ ವಿಧಾನವೂ 15 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲವನ್ನೇ ಬಳಸುತ್ತದೆ. ಅದರಲ್ಲಿ ತೆಳು ರಾಳ ರಂಧ್ರಮಯ ಪದರದೊಳಕ್ಕೇ ಹೀರಿಕೊಂಡು ಹೋಗುವುದರಿಂದ ಕಲೆಯೂ ಮಸುಕಾಗುತ್ತದೆ, ಮುಂದಿನ ಅಂಟಿಗೆ ತಳವೂ ಸಿಗುತ್ತದೆ. ಗುಳಿಬಿದ್ದ ಗಂಭೀರ ದರ್ಜೆಗೆ ಇಷ್ಟು ಸಾಲದು; ಅಲ್ಲಿ ದುರ್ಬಲ ಎನಾಮಲ್ ತೆಗೆದು ವೆನೀರ್ ಅಥವಾ ಕ್ಯಾಪ್‌ಗೆ ಹೋಗಬೇಕಾಗುತ್ತದೆ.

ಹೀಗೆ ಅಂಟಿಸಿದವು ಎಷ್ಟು ವರ್ಷ ನಿಂತವು ಎಂಬ ಪ್ರಶ್ನೆಗೆ ಪ್ರಯೋಗಾಲಯದ ಯಂತ್ರ ಉತ್ತರ ಕೊಡಲಾರದು. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಫ್ಲೋರೈಡ್ ಊರುಗಳ ರೋಗಿಗಳು ಅವುಗಳ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ಮೂರು ವರ್ಷದ ಓದಿನೊಳಗೆ ಮುಗಿಯಬೇಕಾದ್ದರಿಂದ ಕಿತ್ತ ಹಲ್ಲಿನ ಬಲ ಅಳೆಯುವುದರಲ್ಲೇ ನಿಂತುಬಿಡುತ್ತವೆ. ಆ ಪ್ರಬಂಧಗಳನ್ನು ಒಂದರಿಂದ ಒಂದಕ್ಕೆ ದಾಟಿಸುವ ಏರ್ಪಾಡು ಬೇಕು. ದರ್ಜೆ ಬರೆದಿಟ್ಟು, ಒಂದೇ ಬಾಯಿಯ ಎಡ ಹಲ್ಲಿಗೆ ಒಂದು ಕ್ರಮ, ಬಲ ಹಲ್ಲಿಗೆ ಇನ್ನೊಂದು ಕ್ರಮ ಬಳಸಿ, ಮೊದಲ ವಿದ್ಯಾರ್ಥಿ ಹಾಕಿದ ಫಿಲ್ಲಿಂಗ್‌ನ ಅಂಚನ್ನು ಮೂರನೆಯ ತಂಡದ ವಿದ್ಯಾರ್ಥಿ ನೋಡಿ ದಾಖಲಿಸುವಂತಾದರೆ, ಪಾವಗಡದ ಹಲ್ಲಿಗೆ ಎಷ್ಟು ಸೆಕೆಂಡು ಆಮ್ಲ ಬೇಕು ಎಂಬುದನ್ನು ಬೇರೆ ದೇಶದ ಸಹಜ ಹಲ್ಲಿಗೆಂದು ಮುದ್ರಿಸಿದ ಪೆಟ್ಟಿಗೆಯ ಚೀಟಿಯಿಂದ ಓದಬೇಕಾಗುವುದಿಲ್ಲ.